ನಿಮ್ಮಿ ಆರಿಸಿಕೊಂಡ ಕಸುಬು

ದೋಣಿಕಟ್ಟೆಯಲ್ಲಿ ವೈಪಿನ್ ದ್ವೀಪದ ದೋಣಿಗೆ ಕಾಯುತ್ತಿದ್ದ ನೆರೆಮನೆಯ ತ್ರೇಸ್ಯಳ ಮುಂದೆಯೇ ಬ್ಯೂಟಿ ಪಾರ್ಲರಿನ ಫಿಲೋಮಿನಳಿಗೂ ಅವಳ ಮಗಳು ನಿಮ್ಮಿಗೂ ಜಗಳ ಹತ್ತಿಕೊಂಡಿತ್ತು.

“ಮದುಮಗಳ ಮೇಕಪ್ ಕಲಿಯೇ ಅಂದ್ರೆ, ಸುಟ್ಟ ಚರ್ಮದ ಆರೈಕೆ ಕಲೀತಾಳಂತೆ! ನಮ್ಮ ಪಾರ್ಲರಿಗೆ ಅಂಥೋರು ಯಾರೇ ಬರ್ತಾರೆ?”

“ನೀನು ಬೆಳ್ಳಗೆ ಮಾಡಕ್ಕೆ ಹೋಗಿ ಸುಟ್ಟೋರು.”

“ಬಾಯಿ ಮುಚ್ಚು! ಒಬ್ಬಳ ಹೆಸರು ಹೇಳು ನೋಡೋಣ.”

“ನಿನ್ನ ಹಿರೀ ಮಗಳು. ಮದುವೆ ಹಿಂದಿನ ದಿನ ಅವಳಿಗೆ ಬ್ಲೀಚ್ ಹಚ್ಚಿದ್ಯಾರು?”

“ಕಪ್ಪು ಅಂತ ಬೀಗಿತ್ತಿ ಮೂಗು ಮುರೀತಿದ್ಳು, ಹಚ್ಚಿದೆ. ಚರ್ಚಿನಲ್ಲಿ ಮುಖದ ಮೇಲೆ ಪರದೆ ಇತ್ತಲ್ಲ, ಯಾರಿಗೆ ಕಾಣಿಸ್ತು?”

“ಪರದೆ ಎತ್ತಿದ ಗಂಡನಿಗೆ ಕಾಣಿಸ್ತು, ಅಮ್ಮಚ್ಚಿ.”

ದೋಣಿ ಬಂತು.

“ಹಾಗಾದ್ರೆ ಕಲಿ, ಹೋಗು! ಮೊದಲು ನಿನ್ನ ಅಕ್ಕನನ್ನೇ ಕುರ್ಚೀಲಿ ಕೂರಿಸ್ಕೋ!”

“ಕೂರಿಸ್ಕೋತೀನಿ. ನಿನ್ನ ಪಾರ್ಲರಿನಲ್ಲಲ್ಲ,” ಎಂದ ನಿಮ್ಮಿ ತಾಯಿಯನ್ನು ದಾಟಿ ದೋಣಿ ಹತ್ತಿದಳು.