ನಲವತ್ತೊಂದನೇ ಗೂಟದ ಕೋಟು

ನಮ್ಮ ವಿಶ್ವವಿದ್ಯಾಲಯಕ್ಕೆ ಅರವತ್ತು ತುಂಬಿದಾಗ ಒಂದು ಸ್ಮರಣ ಸಂಚಿಕೆ ತರಬೇಕೆಂದು ಕುಲಪತಿಗಳಿಗೆ ಹೊಳೆಯಿತು, ಕೆಲಸ ಮಾತ್ರ ನನ್ನ ತಲೆಗೆ ಬಂತು. ಇಲ್ಲಿ ಓದಿಯೋ ಕಲಿಸಿಯೋ ಹೆಸರು ಮಾಡಿದವರನ್ನೆಲ್ಲ ಪಟ್ಟಿ ಮಾಡಬೇಕು, ಯಾರಿಗೂ ಗೊತ್ತಿಲ್ಲದ ನಂಟುಗಳನ್ನು ಹುಡುಕಿ ತೆಗೆಯಬೇಕು. ಒಬ್ಬ ಮಂತ್ರಿ ಇಲ್ಲಿ ಮೂರು ಸಲ ನಪಾಸಾಗಿದ್ದ. ಹೆಸರಾಂತ ಶಸ್ತ್ರವೈದ್ಯನೊಬ್ಬ ನಮ್ಮ ಬಾಯ್ಲರ್ ಕೋಣೆಯಲ್ಲಿ ಒಂದು ಚಳಿಗಾಲವಿಡೀ ಕಲ್ಲಿದ್ದಲು ತುಂಬಿದ್ದ. ಇಂಥವನ್ನು ಕೇಳಬೇಕಾದರೆ ಹೋಗಬೇಕಾದದ್ದು ಗ್ರಂಥಾಲಯಕ್ಕಲ್ಲ, ಕೆಳಗಿನ ಕೋಟು ಕೋಣೆಗೆ. ಅಲ್ಲಿ ಬುರ್ಮಕಾನ್ ಇದ್ದಳು, ತಾಯಿಯ ವಯಸ್ಸಿನವಳಾದ್ದರಿಂದ ನಮಗೆಲ್ಲ ಅಪಾ. ಬಾಗಿಲಲ್ಲೇ ಎಲ್ಲರ ಕೋಟು ತೆಗೆದುಕೊಂಡು, ಗೂಟಕ್ಕೆ ಹಾಕಿ, ಗೂಟದ ಸಂಖ್ಯೆ ಕೊರೆದ ಹಿತ್ತಾಳೆ ಬಿಲ್ಲೆ ಕೊಡುವ ಕೆಲಸ ಅವಳದು. ನಲವತ್ತೈದು ವರ್ಷದಿಂದ ಅದೇ ಕಟ್ಟೆಯ ಹಿಂದೆ ನಿಂತಿದ್ದಳು. ಜನರನ್ನು ಅವಳು ಮುಖದಿಂದಲ್ಲ, ಕೋಟಿನಿಂದ ನೆನಪಿಡುತ್ತಿದ್ದಳು.

ದೊಡ್ಡ ಒಕ್ಕೂಟ ಒಡೆದು ನಮ್ಮ ಪುಟ್ಟ ಬೆಟ್ಟದ ದೇಶ ಸ್ವತಂತ್ರವಾದ ಮೇಲಿನ ನಾಲ್ಕನೆಯ ಚಳಿಗಾಲ ಅದು. ಕಟ್ಟಡ ಬಿಸಿ ಮಾಡಲು ಕಲ್ಲಿದ್ದಲಿರಲಿಲ್ಲ, ವಿದ್ಯುತ್ತು ಬಂದಾಗ ಬಂತು. ಪಾಠ ಹೇಳುವವರೂ ಕೇಳುವವರೂ ಕೋಟು ಟೋಪಿ ಹಾಕಿಕೊಂಡೇ ಕೂರುತ್ತಿದ್ದರು. ಹಾಗಾಗಿ ಅಪಾಳ ಗೂಟಗಳೆಲ್ಲ ಖಾಲಿ. ಮೂಲೆಯ ನಲವತ್ತೊಂದನೇ ಗೂಟದಲ್ಲಿ ಮಾತ್ರ ಹಳೆಯ ಕಂದು ಕೋಟೊಂದು ನೇತಾಡುತ್ತಿತ್ತು. ನಾನು ವಿದ್ಯಾರ್ಥಿಯಾಗಿ ಬಂದ ದಿನದಿಂದಲೂ ಅದು ಅಲ್ಲೇ ಇತ್ತು.

ಆ ದಿನ ಬೆಳಗಿನಿಂದ ಹಿಮ ಬೆರೆತ ಮಳೆ, ಆ ಚಳಿಗಾಲದ ಮೊದಲನೆಯದು. ಮಧ್ಯಾಹ್ನ ಮೂರಕ್ಕೆ ದೀಪ ಹೋಯಿತು, ಹೊರಗಿನ ಬೂದು ಬೆಳಕು ಕೋಟು ಕೋಣೆಯವರೆಗೆ ಬರುತ್ತಿರಲಿಲ್ಲ. ನಾಲ್ಕಕ್ಕೆ ಅರವತ್ತರ ಸಮಾರಂಭ. ಅಲ್ಲಿಯವರೆಗೆ ಅಪಾಳ ಚಹಾದ ಕೆಟಲಿನ ಹತ್ತಿರ ಕೂರೋಣವೆಂದು ನಾನೂ ನನಗೆ ಅಕ್ಕನಂತಿದ್ದ ಗ್ರಂಥಪಾಲಕಿ ಗುಲ್ಬಾರ್ಚಿನ್ ಎಜೆಯೂ ಅಣ್ಣನಂತಿದ್ದ ವ್ಯಾಯಾಮದ ಮೇಷ್ಟ್ರು ಸಾಗಿನ್ ಬಾಯ್ಕೆಯೂ ಕಟ್ಟೆಯ ಮುಂದಿನ ಉದ್ದ ಬೆಂಚಿಗೆ ಬಂದೆವು. ಬೆಂಚಿನ ಗೋಡೆಯ ಕಡೆಯ ತುದಿಯಲ್ಲಿ ಯಾರೋ ವಯಸ್ಸಾದವರು ಆಗಲೇ ಕೂತಿದ್ದರು. ಯಾರದೋ ತಂದೆ, ಮಗನನ್ನು ಕಾಯುತ್ತಿರಬೇಕು ಅಂದುಕೊಂಡು ಸ್ವಲ್ಪ ಸರಿದು ಅವರ ಪಕ್ಕ ಕೂತೆ. ಕತ್ತಲಲ್ಲಿ ಮುಖ ಕಾಣಲಿಲ್ಲ. ಮೈಮೇಲೆ ತೆಳು ಜಾಕೀಟು ಬಿಟ್ಟರೆ ಏನೂ ಇರಲಿಲ್ಲ.

ಅವರು ನನ್ನ ಕೈಲಿದ್ದ ಪಟ್ಟಿಯ ಕಡೆ ಬಾಗಿ ಮೆಲ್ಲಗೆ ಕೇಳಿದರು. "ತೊಲೊಮುಶ್ ಹೆಸರು ಇದೆಯೇನಪ್ಪ?"

"ಮೊದಲನೇ ಹೆಸರೇ ಅವರದು," ಅಂದೆ ನಾನೂ ಮೆಲ್ಲಗೆ. "ಮಹಾನಿಘಂಟು ಮಾಡಿದವರಲ್ಲವೇ. ನಾಲ್ಕಕ್ಕೆ ಬರ್ತಾರೆ, ಅವರ ದೊಡ್ಡ ಚಿತ್ರದ ಪರದೆ ಸರಿಸೋದಕ್ಕೆ."

"ಬರ್ತಾನೆ ಅಂತ ಗೊತ್ತಿತ್ತು," ಅಂದು ಅವರು ಎರಡೂ ಕೈಗಳನ್ನು ಮೊಣಕಾಲ ನಡುವೆ ಅಡಗಿಸಿಕೊಂಡರು.

ಸಾಗಿನ್ ಬಾಯ್ಕೆ ಸುಮ್ಮನೆ ಕೂರುವ ಗಿರಾಕಿಯಲ್ಲ. "ಅಪಾ, ಇವನ ಪುಸ್ತಕದಲ್ಲಿ ಕಳ್ಳರು ಸುಳ್ಳರು ಎಲ್ಲ ಇದ್ದಾರಂತೆ, ನೀವೊಬ್ಬರೇ ಇಲ್ಲ. ನಿಮ್ಮ ಬಗ್ಗೆ ಏನಾದ್ರೂ ಹೇಳಿ, ಬರ್ಕೊಳ್ಳಲಿ," ಅಂದ. ನಾನು ಪಟ್ಟಿಯ ಮೊದಲ ಹೆಸರು, ತೊಲೊಮುಶ್ ಅಂತ ಹೇಳಿದೆ.

ಅಪಾ ಚಹಾ ಬಗ್ಗಿಸುತ್ತಿದ್ದವಳು ನಿಲ್ಲಿಸಿದಳು. ಅವಳ ಕಣ್ಣಿಗೆ ಪೊರೆ ಬಂದಿತ್ತು, ಹಗಲಲ್ಲೇ ಸರಿಯಾಗಿ ಕಾಣುತ್ತಿರಲಿಲ್ಲ. "ಇಷ್ಟು ವರ್ಷ ಆ ಮನುಷ್ಯ ಪಕ್ಕದ ಬಾಗಿಲಿಂದ ಬರ್ತಿದ್ದ. ಇವತ್ತು ಯಾವ ಬಾಗಿಲಿಂದ?"

"ಮುಂದಿನ ಬಾಗಿಲಿಂದಲೇ. ಪಕ್ಕದ ಮೆಟ್ಟಿಲಿಗೆ ಮಂಜು ಕಟ್ಟಿದೆ, ಬೀಗ ಹಾಕಿದ್ದಾರೆ."

"ಬೆಂಚಿನ ಮೇಲೆ ಯಾರ್ಯಾರಿದ್ದೀರಿ?"

"ನಾವೇ ಅಪಾ, ಇನ್ಯಾರು," ಅಂದಳು ಗುಲ್ಬಾರ್ಚಿನ್ ಎಜೆ. ಪಕ್ಕದವರನ್ನೂ ಸೇರಿಸಿಯೇ ಹೇಳಿದಳು ಅಂದುಕೊಂಡು ನಾನು ಸುಮ್ಮನಿದ್ದೆ. ಆ ತಪ್ಪು ನನ್ನದು.

"ಹಾಗಾದ್ರೆ ಕೇಳಿ," ಅಂದಳು ಅಪಾ. "ನಲವತ್ತನಾಲ್ಕು ವರ್ಷ ಬಾಯಿಗೆ ಹೊಲಿಗೆ ಹಾಕ್ಕೊಂಡಿದ್ದೆ. ಇವತ್ತು ಅವನ ಚಿತ್ರದ ಕೆಳಗೆ ಇವರೆಲ್ಲ ಚಪ್ಪಾಳೆ ತಟ್ತಾರಲ್ಲ, ಅದನ್ನ ಕೇಳೋಕ್ಕಿಂತ ಮುಂಚೆ ಹೇಳಿಬಿಡ್ತೀನಿ.

"ನಿಮ್ಮ ಪಟ್ಟೀಲಿ ಎಸೆನ್‌ಕುಲ್ ಅಗಾಯ್ ಅಂತ ಒಬ್ಬ ಮೇಷ್ಟ್ರ ಹೆಸರಿದೆಯಾ? ಇರಲ್ಲ. ಎಲ್ಲಿಂದ ಇರತ್ತೆ... ನಾನು ಇಲ್ಲಿ ಕೆಲಸಕ್ಕೆ ಸೇರಿದಾಗ ಇಪ್ಪತ್ತನಾಲ್ಕು ವರ್ಷದ ಹುಡುಗಿ, ಅಗಾಯ್ ಆಗ ಮೇಲಿನ ಮಹಡೀಲಿ ನಮ್ಮ ಭಾಷೆ ಪಾಠ ಹೇಳ್ತಿದ್ರು. ಹೇಳಿದ್ರೆ ಪಾಠ, ಇಲ್ಲಾಂದ್ರೆ ಊರೂರು ಅಲೆದು ಕುರಿ ಕಾಯೋರ ಹತ್ರ, ಕುದುರೆ ಪಳಗಿಸೋರ ಹತ್ರ, ಹಾಲು ಕರೆಯೋ ಮುದುಕೀರ ಹತ್ರ ಕೂತು ಮಾತು ಕೂಡಿಸೋರು. ಒಂದೊಂದು ಮಾತೂ ಒಂದೊಂದು ಚೀಟಿ ಮೇಲೆ. ನನ್ನನ್ನೂ ಬಿಡ್ತಿರಲಿಲ್ಲ. ಕೋಟು ಕೊಡೋವಾಗ 'ಬುರ್ಮಕಾನ್, ನಿಮ್ಮೂರಲ್ಲಿ ಮೊದಲನೇ ಸಲ ಈದ ಕುರಿಗೆ ಏನಂತಾರಮ್ಮ' ಅಂತ ಕೇಳಿ ಅಲ್ಲೇ ನಿಂತು ಬರ್ಕೊಳ್ಳೋರು. ಹಿಂದೆ ನಿಂತ ಹುಡುಗರಿಗೆಲ್ಲ ನಗು.

"ಇಪ್ಪತ್ತು ವರ್ಷದ ಆ ಚೀಟಿಗಳನ್ನ ಮನೇಲಿ ಇಡೋಕೆ ಹೆದರಿಕೆ ಅವರಿಗೆ. ಮನೆ ಶೋಧ ಮಾಡೋ ಕಾಲ ಅದು. ಅದಕ್ಕೆ ಕೋಟಿನ ಅಸ್ತರು ಬಿಚ್ಚಿ, ಒಳಗೆ ಚೀಲ ಹೊಲಿದು, ಅದರಲ್ಲಿ ತುಂಬಿಸ್ಕೊಂಡು ಓಡಾಡೋರು. ಕೋಟು ಎತ್ತಿ ಗೂಟಕ್ಕೆ ಹಾಕೋಕೆ ನನಗೆ ಎರಡೂ ಕೈ ಬೇಕಾಗ್ತಿತ್ತು. ಇದು ಗೊತ್ತಿದ್ದದ್ದು ಮೂರೇ ಜನಕ್ಕೆ. ಅಗಾಯ್‌ಗೆ, ನನಗೆ... ಮತ್ತೆ ತೊಲೊಮುಶ್‌ಗೆ.

"ಇವನು ನಾರಿನ್ ಕಡೆ ಬೆಟ್ಟದಿಂದ ಬಂದ ಶಿಷ್ಯ. ಅಪ್ಪ ಅಮ್ಮ ಇಲ್ಲ, ಮೈಮೇಲೆ ಒಂದು ಕೋಟಿಲ್ಲ. ಅಗಾಯ್ ಏನ್ಮಾಡಿದ್ರು ಗೊತ್ತಾ? ತಮ್ಮ ಕೋಟೇ ಇಬ್ಬರಿಗೂ ಅಂದ್ರು. ಬೆಳಿಗ್ಗೆ ತಾವು ಹಾಕ್ಕೊಂಡು ಬಂದು ನನ್ನ ಕೈಗೆ ಕೊಡೋರು. ನಾನು ನಲವತ್ತೊಂದನೇ ಬಿಲ್ಲೆ ಕೊಟ್ರೆ ಅದು ಸೀದಾ ಇವನ ಜೇಬಿಗೆ. ಇವನು ಹನ್ನೊಂದಕ್ಕೆ ಅದನ್ನ ಹಾಕ್ಕೊಂಡು ಹಾಸ್ಟೆಲ್‌ಗೆ, ಸಂತೆಗೆ ಎಲ್ಲ ಹೋಗಿ ಮೂರು ಗಂಟೆಗೆ ತಂದುಕೊಡೋನು. ಅಗಾಯ್ ಈ ಬೆಂಚಿನ ಮೇಲೆ ಕೂತು ಕಾಯ್ತಿರೋರು. ಒಂದು ದಿನ, ಒಂದೇ ಒಂದು ದಿನ, ಇವನು ತಡ ಮಾಡಿದ್ದಿಲ್ಲ. 'ಮಗ ಇದ್ದಿದ್ರೂ ಇಷ್ಟು ಲೆಕ್ಕದಲ್ಲಿರ್ತಿರಲಿಲ್ಲ ಬುರ್ಮಕಾನ್' ಅನ್ನೋರು ಅಗಾಯ್."

ಬೆಂಚು ನನ್ನ ಪಕ್ಕದಲ್ಲಿ ಸಣ್ಣಗೆ ಕಿರುಗುಟ್ಟಿತು. ಗೋಡೆಯ ಕಡೆಯಿಂದ ತಣ್ಣನೆಯ ಗಾಳಿ ಬಂದಂತಾಯಿತು, ಆದರೆ ಅಲ್ಲಿ ಕಿಟಕಿಯಿರಲಿಲ್ಲ.

"ಇಂಥದೇ ದಿನ," ಅಂದಳು ಅಪಾ. "ಬೆಳಿಗ್ಗೆ ಹಿಮಮಳೆ, ಮಧ್ಯಾಹ್ನಕ್ಕೆ ಮೂಳೆ ಸೀಳೋ ಚಳಿ. ಮೇಲಿನ ದೊಡ್ಡ ಸಭಾಂಗಣದಲ್ಲಿ ಅಗಾಯ್ ಮೇಲೆ ಸಭೆ. ಇವರು ಖಾನರ ಕಾಲದ ಹಳೇ ಮಾತು ಕೂಡಿಸ್ತಾರೆ, ಹೊಸ ಕಾಲಕ್ಕೆ ದ್ರೋಹಿ, ಅಂತ ಒಬ್ಬರಾದ ಮೇಲೆ ಒಬ್ಬರು ಎದ್ದು ಕೂಗ್ತಿದ್ರು. ಕೂಗು ಇಲ್ಲಿವರೆಗೂ ಕೇಳಿಸ್ತಿತ್ತು. ಆಗ ತೊಲೊಮುಶ್ ಮೆಟ್ಟಿಲಿಳಿದು ಬಂದ, ಬಿಲ್ಲೆ ಕಟ್ಟೆ ಮೇಲಿಟ್ಟ. 'ಅಗಾಯ್ ಕಳಿಸಿದ್ದಾರೆ, ಕೋಟು ಕೊಡು' ಅಂದ. ಬಿಲ್ಲೆ ಯಾರ ಕೈಲಿದೆಯೋ ಕೋಟು ಅವರದು, ಅದು ನಮ್ಮ ಕೆಲಸದ ನಿಯಮ. ಕೊಟ್ಟೆ. ಚೀಟಿಗಳನ್ನ ಉಳಿಸೋಕೆ ಬಂದಿದ್ದಾನೆ, ಎಂಥಾ ಹುಡುಗ, ಅಂತ ಕಣ್ಣಲ್ಲಿ ನೀರು ಬೇರೆ ಬಂತು ನನಗೆ.

"ಆಮೇಲೆ ಬಾಗಿಲ ಗಾಜಿಂದ ನೋಡಿದೆ. ಬೀದಿ ತಿರುವಲ್ಲಿ ಗುಪ್ತ ಪೊಲೀಸರ ಕಪ್ಪು ಕಾರು ನಿಂತಿತ್ತು. ಇವನು ಅದರ ಹತ್ರ ಹೋದ. ಒಳಗಿದ್ದ ಇಬ್ಬರ ಜೊತೆ ಬಾಗಿ ಮಾತಾಡಿದ... ಆಮೇಲೆ ಕೈ ಎತ್ತಿ ಈ ಬಾಗಿಲನ್ನ ತೋರಿಸಿದ. ಅಗಾಯ್ ಕೋಟು ಮೈಮೇಲೆ ಹಾಕ್ಕೊಂಡೇ ತೋರಿಸಿದ. ತೋರಿಸಿ, ತಿರುಗಿ ನೋಡದೆ ಹೊರಟುಹೋದ.

"ಸ್ವಲ್ಪ ಹೊತ್ತಿಗೆ ಅಗಾಯ್ ಇಳಿದು ಬಂದ್ರು. ಮುಖ ಬಿಳಿಚಿಕೊಂಡಿತ್ತು. ಕೋಟು ತೊಲೊಮುಶ್ ತಗೊಂಡು ಹೋದ ಅಂದೆ. ಹೇಳಿದ ತಕ್ಷಣ ಅವರ ಮುಖ ಅರಳಿತು. 'ಒಳ್ಳೇದಾಯ್ತಮ್ಮ, ಚೀಟಿಗಳನ್ನ ಎಲ್ಲೋ ಜೋಪಾನ ಮಾಡಿ ಬರ್ತಾನೆ, ಮೂರು ಗಂಟೆಗೆ ಬಂದೇ ಬರ್ತಾನೆ' ಅಂತ ಬೆಂಚಿನ ಮೇಲೆ ಕೂತ್ರು. ಆ ಚಳಿಗೆ ಕೋಟಿಲ್ಲದೆ ಹೊರಗೆ ಹೋಗೋ ಹಾಗೂ ಇರಲಿಲ್ಲ. ಒಂದು ಗಂಟೆ ಕೂತಿದ್ರು. ಆ ಒಂದು ಗಂಟೇಲಿ ನಾನು ಒಂದು ಮಾತು ಹೇಳಬಹುದಿತ್ತಲ್ಲ? 'ಅಗಾಯ್, ಬಾಯ್ಲರ್ ಕೋಣೆ ಬಾಗಿಲಿಂದ ಹೋಗಿ, ನಿಮ್ಮನ್ನ ಹಿಡಿಸಿಕೊಟ್ಟಿದ್ದಾನೆ' ಅಂತ? ನನ್ನ ಶಾಲು ಕೊಡಬಹುದಿತ್ತು. ಹೇಳಲಿಲ್ಲ, ಕೊಡಲಿಲ್ಲ. ಹೆದರಿದೆ. ಅವನೊಬ್ಬನನ್ನೇ ಬೈಯೋಕೆ ನನಗೆ ಬಾಯಿಲ್ಲ.

"ಆ ಇಬ್ಬರು ಬಂದ್ರು. ಅಗಾಯ್ ಎದ್ದು ನನ್ನ ಕಡೆ ತಿರುಗಿ, 'ತೊಲೊಮುಶ್ ಬಂದ್ರೆ ಹೇಳು, ಬಹಳ ಹೊತ್ತು ಕಾದ್ರು ಅಂತ' ಅಂದ್ರು. ಅಷ್ಟೇ. ಕರ್ಕೊಂಡು ಹೋದ್ರು. ವಸಂತ ಬರೋದರೊಳಗೆ ಕೈದಿಗಳ ರೈಲಲ್ಲೇ ಎಲ್ಲೋ ಚಳಿಗೆ ಸತ್ರು ಅಂತ ಸುದ್ದಿ ಬಂತು.

"ಮಾರನೇ ದಿನವೇ ತೊಲೊಮುಶ್ ಕೋಟು ತಂದ. ಅಸ್ತರು ಹರಿದಿತ್ತು, ಒಳಗೆ ಒಂದು ಚೀಟಿ ಇಲ್ಲ. 'ಸುಟ್ಟುಬಿಡು' ಅಂದ. ನಾನು ಏನ್ಮಾಡಿದೆ... ಕೈ ರೂಢಿ ನೋಡಿ, ಕೋಟು ತಗೊಂಡು ಗೂಟಕ್ಕೆ ಹಾಕಿ, ನಲವತ್ತೊಂದನೇ ಬಿಲ್ಲೆ ಅವನ ಕೈಗಿಟ್ಟೆ. ಅವನೂ ರೂಢಿಯಲ್ಲೇ ಜೇಬಿಗೆ ಹಾಕ್ಕೊಂಡು ಹೋದ. ಬಿಲ್ಲೆ ವಾಪಸ್ ಬರೋವರೆಗೆ ಕೋಟು ತೆಗೆಯೋ ಹಾಗಿಲ್ಲ. ಸತ್ತವರ ಬಟ್ಟೆ ಹೆಣ ತೊಳೆದವರಿಗೆ ಕೊಡೋದು ನಮ್ಮ ಪದ್ಧತಿ, ಅಗಾಯ್‌ನ ತೊಳೆದವರಾದ್ರೂ ಯಾರು? ಕೋಟು ಹಾಗೇ ಉಳೀತು. ನಾಲ್ಕು ವರ್ಷಕ್ಕೆ ನಿಘಂಟು ಬಂತು, ಮೇಲೆ ತೊಲೊಮುಶ್ ಹೆಸರು. ಈದ ಕುರಿಯ ಮಾತು, ನಾನು ಹೇಳಿದ್ದು, ಅದರಲ್ಲಿದೆ.

"ಅಗಾಯ್ ಹೋದ ಮುಂದಿನ ಚಳಿಗಾಲವೇ, ಮೊದಲ ಹಿಮಮಳೆ ದಿನ, ಮೂರು ಗಂಟೆ. ತಲೆ ಎತ್ತಿ ನೋಡ್ತೀನಿ, ಬೆಂಚಿನ ಆ ತುದೀಲಿ ಅಗಾಯ್ ಕೂತಿದ್ದಾರೆ, ಬರೀ ಜಾಕೀಟಲ್ಲಿ. 'ತೊಲೊಮುಶ್ ಬಂದ್ನಾ ಬುರ್ಮಕಾನ್?' ಅಂದ್ರು. ನನಗೆ ಕೂಗೋಕೂ ಆಗಲಿಲ್ಲ. 'ಬರ್ತಾನೆ ಅಗಾಯ್, ದಾರೀಲಿದ್ದಾನೆ' ಅಂದೆ. ತಲೆಯಾಡಿಸಿದ್ರು. ಅವತ್ತಿಂದ ಪ್ರತಿ ಚಳಿಗಾಲ ಅದೇ ಪ್ರಶ್ನೆ, ಅದೇ ಸುಳ್ಳು. ಅವರಿಗೆ ಇವತ್ತಿಗೂ ಗೊತ್ತಿಲ್ಲ. ನಂಬಿಕೆ ಇಟ್ಕೊಂಡೇ ಸತ್ತವರು, ಅದನ್ನೂ ಯಾಕೆ ಕಿತ್ಕೊಳ್ಳಲಿ ಅಂತ ನಾನು ಹೇಳಲಿಲ್ಲ. ಮತ್ತೆ, ಗೊತ್ತಾದ್ರೆ ಏನು ಮಾಡ್ತಾರೋ ಅನ್ನೋ ಭಯ. ಅದಕ್ಕೇ ಬೆಂಚಲ್ಲಿ ಯಾರಿದ್ದೀರಿ ಅಂತ ಮೊದಲೇ ಕೇಳ್ಕೊಂಡೆ."

ಅವಳು ನಿಘಂಟಿನ ಮಾತೆತ್ತುವ ಮೊದಲೇ ಪಕ್ಕದಲ್ಲಿ ಕೂತವರು ಯಾರೆಂದು ನನಗೆ ಹೊಳೆದಿತ್ತು. ಸಾಕೆಂದು ಅಪಾಳ ಕಡೆ ಕೈ ಆಡಿಸಿದ್ದೆ, ಅವಳಿಗೆ ಕಾಣಲಿಲ್ಲ. ಪಕ್ಕಕ್ಕೆ ತಿರುಗುವ ಧೈರ್ಯ ಬರಲಿಲ್ಲ. ಬೆಂಚು ಮತ್ತೆ ಕಿರುಗುಟ್ಟಿತು, ಈ ಸಲ ಯಾರೋ ಎದ್ದು ನಿಂತಾಗ ಆಗುವ ಹಾಗೆ.

"ಯಾರದು ಎದ್ದಿದ್ದು?" ಅಂದಳು ಅಪಾ.

"ನಾವ್ಯಾರೂ ಎದ್ದಿಲ್ಲ ಅಪಾ," ಅಂದ ಸಾಗಿನ್ ಬಾಯ್ಕೆ. ಅವನ ದನಿಯಲ್ಲಿ ತಮಾಷೆ ಉಳಿದಿರಲಿಲ್ಲ.

"ಆ ತುದಿಯಲ್ಲಿ ಒಬ್ಬರು ಕೂತಿದ್ದರು," ಅಂದೆ ನಾನು. "ಮೊದಲಿಂದಲೂ ಇದ್ದರು. ಎಲ್ಲ ಕೇಳಿಸಿಕೊಂಡರು."

ಅಪಾ ಕಟ್ಟೆ ಹಿಡಿದುಕೊಂಡಳು. ತಡವರಿಸುತ್ತ ಮೂಲೆಗೆ ಹೋಗಿ ನಲವತ್ತೊಂದನೇ ಗೂಟವನ್ನು ಮುಟ್ಟಿ ನೋಡಿದಳು. ಗೂಟ ಖಾಲಿಯಿತ್ತು.

ಅಷ್ಟರಲ್ಲಿ ಮುಂಬಾಗಿಲು ತೆರೆಯಿತು. ಕುಲಪತಿಗಳು, ಹೂಗುಚ್ಛ ಹಿಡಿದ ಹುಡುಗಿಯರು, ನಡುವೆ ದಪ್ಪ ತುಪ್ಪಳದ ಕೋಟಿನಲ್ಲಿ ತೊಲೊಮುಶ್. "ಏನು ಕತ್ತಲಪ್ಪ ಇದು," ಅಂದು ನಗುತ್ತ ಕಾಲಿನ ಹಿಮ ಕೊಡವಿದರು. ಬಾಗಿಲ ಬೆಳಕಿನಲ್ಲಿ ಅವರ ಎದುರಿಗೆ ಕಂದು ಕೋಟು ಹಾಕಿದ ಬೆನ್ನೊಂದನ್ನು ನಾನು ಕಂಡೆ. ಬೆಂಚಿನ ಮೇಲೆ ನನ್ನ ಜೊತೆ ಅಷ್ಟು ಮೆತ್ತಗೆ ಮಾತಾಡಿದ್ದ ದನಿಯೇ ಕೇಳಿಸಿತು. ಆದರೆ ಮೆತ್ತಗಿರಲಿಲ್ಲ.

"ಬಿಲ್ಲೆ ಕೊಡು, ತೊಲೊಮುಶ್."

ತೊಲೊಮುಶ್ ನಿಂತಲ್ಲೇ ಕುಸಿದರು. ಹೃದಯ ನಿಂತಿತು ಅಂದರು ವೈದ್ಯರು. ಅಷ್ಟು ದಪ್ಪ ತುಪ್ಪಳದೊಳಗೆ ಮೈ ಅಷ್ಟು ಬೇಗ ಹೇಗೆ ಹೆಪ್ಪುಗಟ್ಟಿತೆಂದು ಅವರು ಹೇಳಲಿಲ್ಲ. ಸತ್ತವರ ಬಲಗೈ ಬೆರಳು ಬಿಡಿಸಿದವನು ಸಾಗಿನ್ ಬಾಯ್ಕೆ. ಅಂಗೈ ಖಾಲಿಯಿತ್ತು, ಆದರೆ ನಡುವೆ ದುಂಡನೆಯ ಗುರುತು ಬಿದ್ದಿತ್ತು, ಏನನ್ನೋ ಬಲವಾಗಿ ಹಿಡಿದುಕೊಂಡಿದ್ದ ಹಾಗೆ. ನಲವತ್ತೊಂದನೇ ಬಿಲ್ಲೆ ಅಪಾಳ ಕಟ್ಟೆಯ ಮೇಲೆ ಸಿಕ್ಕಿತು. ಕಂದು ಕೋಟನ್ನು ಮತ್ತೆ ಯಾರೂ ನೋಡಲಿಲ್ಲ.

ಸಂಚಿಕೆ ನಾನು ಬರೆಯಲಿಲ್ಲ. ಬೇರೆ ಯಾರೋ ಬರೆದರು, ಮೊದಲ ಪುಟದಲ್ಲಿ ತೊಲೊಮುಶ್ ಅವರ ಚಿತ್ರವೇ ಬಂತು.

ಹೋದ ಚಳಿಗಾಲ ಮೊದಲ ಹಿಮಮಳೆಯ ದಿನ ಕೋಟು ಕೋಣೆಗೆ ಹೋದೆ. ಕಟ್ಟಡ ಈಗ ಬೆಚ್ಚಗಿದೆ, ಗೂಟಗಳು ತುಂಬಿವೆ. ಅಪಾಗೆ ಕಣ್ಣು ಪೂರ್ತಿ ಹೋಗಿದೆ, ಆದರೂ ಈಗ ಕಟ್ಟೆ ನೋಡಿಕೊಳ್ಳುವ ಮೊಮ್ಮಗಳ ಪಕ್ಕ ಬಂದು ಕೂರುತ್ತಾಳೆ. "ಅಗಾಯ್ ಬಂದಿದ್ದರಾ?" ಅಂದೆ.

"ಅವರ್ಯಾಕೆ ಬರ್ತಾರೆ? ಕೋಟು ಸಿಕ್ತಲ್ಲ, ಹೋದ್ರು." ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. "ಈಗ ಬರೋನು ಇವನು, ತೊಲೊಮುಶ್. ಅಷ್ಟು ದೊಡ್ಡ ತುಪ್ಪಳದ ಕೋಟು ಇತ್ತಲ್ಲ, ಈಗ ಮೈಮೇಲೆ ಏನೂ ಇಲ್ವಂತೆ, ಗಡಗಡ ನಡುಗೋದು ಕೇಳಿಸತ್ತೆ. 'ಅಗಾಯ್ ಕೋಟು ತಂದ್ರಾ ಬುರ್ಮಕಾನ್?' ಅಂತಾನೆ. ನಾನೇನು ಹೇಳಲಿ... ತರ್ತಾರೆ, ದಾರೀಲಿದ್ದಾರೆ, ಕೂತಿರು ಅಂತೀನಿ."

ನಾನು ಬೆಂಚಿನ ಕಡೆ ನಡೆದೆ.

"ಗೋಡೆ ಕಡೆ ಬೇಡ ಮಗ," ಅಂದಳು ಅಪಾ. "ಈ ಕಡೆ ಸರಿದು ಕೂತ್ಕೋ."