ಎಡೆಗಿಡುವ ಬಳೆ

ಪಿತೃಪಕ್ಷದ ಅಮಾವಾಸ್ಯೆಯ ಹಿಂದಿನ ದಿನ. ತಿಪಟೂರಿನ ಬಳೆ ಅಂಗಡಿಯಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ, ಒಬ್ಬ ಎತ್ತರದ ಹೆಂಗಸು ನಿಂತಿದ್ದರು.

"ಹೋದ್ವರ್ಸ ಎಡೆಗೆ ಪಂಚೆ ಮಡಗಿದ್ದೆ ಕಣೇ ಅನಿತಾ. ನನ್ ಮಗ ಕನಸಲ್ಲಿ ಬಂದು ಬಾಗ್ಲಲ್ಲೇ ನಿಂತ, ಒಳಿಕ್ಕೆ ಬರ್ನಿಲ್ಲ."

"ಅವ್ಳಿಗೆ ಪಂಚೆ ಯಾಕಮ್ಮಾ? ಹೆಣ್ಣಾಗಿ, ಗಾನವಿ ಆಗಿ ಬದುಕ್ಬೇಕು ಅಂತ ನಮ್ಜೊತೆ ಬೀದೀಲಿ ಕೂತು ಹೋರಾಡಿದ್ಲು. ಸರ್ಕಾರ ಕಾನೂನು ಮಾಡ್ತು, ಆ ಹೆಸ್ರಲ್ಲೇ ಗುರುತಿನ ಕಾರ್ಡೂ ಕೊಡ್ತು."

"ಸರ್ಕಾರ ಒಪ್ಕೊಂಡ್ತು. ಕಾರ್ಡ್ ತೋರ್ಸಕ್ಕೆ ಮನೆಗೆ ಬಂದಾಗ ನಾನೇ ಬಾಗ್ಲು ಹಾಕ್ಕೊಂಡೆ."

"ಬಳೆ ಯಾರಿಗಮ್ಮಾ?" ಅಂಗಡಿಯವನು ಕೇಳಿದ.

"ಮಗಳಿಗೆ."

"ಕೈ ಅಳತೆ?"

ಅಜ್ಜಿ ಒಂದು ಬಳೆ ಎತ್ತಿ ಮತ್ತೆ ಕೆಳಗಿಟ್ಟಳು.

"ದೊಡ್ಡೋಳಾದ್ಮೇಲೆ ಅವ್ಳ ಕೈ ಹಿಡ್ದೇ ಇಲ್ಲ ಕಣಪ್ಪ."

ಅನಿತಾ ತನ್ನ ಕೈ ಚಾಚಿದಳು. ಅಜ್ಜಿ ಅದನ್ನು ಹಿಡಿದುಕೊಂಡಳು. ಆ ಅಳತೆಯ ಹಸಿರು ಬಳೆ ಕಟ್ಟಿಸಿಕೊಂಡು ಇಬ್ಬರೂ ಹಂದನಕೆರೆ ಬಸ್ಸಿಗೆ ಹೊರಟರು. ಅಜ್ಜಿ ಆ ಕೈಯನ್ನು ಇನ್ನೂ ಬಿಟ್ಟಿರಲಿಲ್ಲ.