ನಾಲ್ಕನೇ ಸ್ಕ್ರೂ

ಹೆದರುವವರು ಈಗಲೇ ಎದ್ದು ಹೋಗಿ ಮಲಗಿ. ಆಮೇಲೆ ನಡುರಾತ್ರಿ ಬಚ್ಚಲಿಗೆ ಜೊತೆಗೆ ಬಾ ಅಂತ ಎಬ್ಬಿಸಿದರೆ ಯಾರೂ ಏಳುವುದಿಲ್ಲ. ಇದು ಕಟ್ಟಿದ ಕತೆಯಲ್ಲ. ಕೊಪ್ಪದಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಾನಲ್ಲ ನಮ್ಮ ಚಿಕ್ಕಮ್ಮನ ಮಗ ಯಶವಂತ, ಅವನಿಗೇ ಆಗಿದ್ದು. ಹೋದ ವರ್ಷದ ಮಾಗಿ ಚಳಿಯಲ್ಲಿ.

ರಾತ್ರಿ ಹತ್ತೂವರೆ. ಜಯಪುರದ ಪೇಟೆಯಿಂದ ಅಕ್ಕ ಮಾಲತಿಯ ಮನೆ ಕಡೆಗೆ ಯಶವಂತ ಒಬ್ಬನೇ ನಡೆಯುತ್ತಿದ್ದ. ಕೊಪ್ಪದ ಕೊನೆ ಬಸ್ಸು ಯಾವಾಗಲೋ ಹೋಗಿತ್ತು. ದಾರಿಯಲ್ಲಿ ಒಂದು ಹಳೇ ಬಾವಿ. ಬಳಕೆ ತಪ್ಪಿ ಎಷ್ಟೋ ವರ್ಷವಾಗಿತ್ತು. ಬಾಯಿಗೆ ಕಬ್ಬಿಣದ ಜಾಲರಿ ಹಾಕಿ, ರಾಟೆಯನ್ನೂ ಬಿಚ್ಚಿಕೊಂಡು ಹೋಗಿದ್ದರು. ಅಲ್ಲಿ ರಾತ್ರಿ ಓಡಾಡಲು ಜನ ಹಿಂದೆಮುಂದೆ ನೋಡುತ್ತಾರೆ. ಯಶವಂತನಿಗೆ ಹೆದರುವಷ್ಟು ತ್ರಾಣವೂ ಇರಲಿಲ್ಲ. ಬೆಳಗ್ಗೆ ಎನ್.ಆರ್.ಪುರದ ಒಂದು ಶಾಲೆ, ಮಧ್ಯಾಹ್ನ ಶೃಂಗೇರಿಯ ಒಂದು ಲಾಡ್ಜು, ಸಂಜೆಯಿಂದ ಜಯಪುರದ ಒಂದು ಸ್ಟುಡಿಯೋ. ಬೆನ್ನು ಬಿದ್ದುಹೋಗಿತ್ತು. ಊಟ ಸಿಗದಿದ್ದರೂ ಸರಿ, ಒಂದು ಚಾಪೆ ಸಿಕ್ಕರೆ ಸಾಕಿತ್ತು.

ಆ ಸ್ಟುಡಿಯೋ ಫೋಟೋಗ್ರಾಫರ್ ರಘುಪತಿಯದು. ನಾಲ್ಕು ವರ್ಷದ ಹಿಂದೆ ಮೇಗುಂದದಲ್ಲಿ ಒಂದು ಮದುವೆಯ ಶೂಟಿಂಗ್ ಮುಗಿಸಿ ಬರುತ್ತಾ, ಸುಸ್ತಾಯಿತೆಂದು ದಾರಿಯಲ್ಲಿ ಕೂತವನು ಮತ್ತೆ ಏಳಲೇ ಇಲ್ಲ. ಎಲ್ಲಿ ಕೂತಿದ್ದ ಅನ್ನುವುದು ಯಶವಂತನಿಗೆ ಗೊತ್ತಿರಲಿಲ್ಲ. ನೀವೂ ಸ್ವಲ್ಪ ತಡೆಯಿರಿ.

ರಘುಪತಿಯ ಹೆಂಡತಿ ವನಮಾಲಾಗೆ ಇಷ್ಟು ವರ್ಷ ಆ ಶಟರ್ ಎತ್ತಲು ಮನಸ್ಸಾಗಿರಲಿಲ್ಲ. ಈಗ ಧೈರ್ಯ ಮಾಡಿ ಎತ್ತಿದರೆ, ಗಂಡ ವಿಡಿಯೋ ಎಡಿಟಿಂಗ್ ಮಾಡುತ್ತಿದ್ದ ದೊಡ್ಡ ವರ್ಕ್‌ಸ್ಟೇಷನ್ ಕಂಪ್ಯೂಟರ್ ಏಳಲೊಲ್ಲದು. ಒಳಗಿನ ವಿಂಡೋಸ್ ಕೆಟ್ಟು ಕೂತಿತ್ತು. ಹೊಸ ವಿಂಡೋಸ್ ಹೊರುವ ಶಕ್ತಿ ಆ ಮುದಿ ಮಷೀನಿಗೆ ಇರಲಿಲ್ಲ.

"ವಿಂಡೋಸ್ ಬದಲು ಲಿನಕ್ಸ್ ಹಾಕುವ ವನಮಾಲಕ್ಕ. ಹಗುರ ಇರ್ತದೆ" ಎಂದಿದ್ದ ಯಶವಂತ.

"ಎಂತಾದ್ರೂ ಹಾಕು ಮಾರಾಯ. ಆ ದೊಡ್ಡ ಡಿಸ್ಕ್ ಒಂದು ಮುಟ್ಬೇಡ. ಕೈ ಮುಗೀತೀನಿ."

ಒಳಗೆ ಎರಡು ಡಿಸ್ಕ್ ಇದ್ದವು. ಸಣ್ಣದರಲ್ಲಿ ವಿಂಡೋಸ್. ಎರಡು ಟಿಬಿ ಹಿಡಿಸುವ ದೊಡ್ಡದರಲ್ಲಿ ಮಗಳು ಸಂಪದಾಳ ವಿಡಿಯೋಗಳು. ಊರವರ ಮದುವೆಗಳನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿದ ರಘುಪತಿಯನ್ನು ಹಿಡಿಯಲು ಯಾರೂ ಇರಲಿಲ್ಲ. ಮಗಳನ್ನು ಹಿಡಿಯುವಾಗ ಕ್ಯಾಮೆರಾ ಹಿಂದಿನಿಂದ ಆಡಿದ ಮಾತು, ಆ ದನಿ, ಅಷ್ಟೇ ಅವನದೆಂದು ಉಳಿದಿದ್ದು. ಅವನು ಹೋದಾಗ ಸಂಪದಾಗೆ ಎರಡೂವರೆ ವರ್ಷ. ಅಪ್ಪನ ದನಿ ಅವಳಿಗೆ ನೆನಪಿಲ್ಲ. ಅದಕ್ಕೊಂದು ಕಾಪಿ ಮಾಡಿಡುವುದನ್ನು ರಘುಪತಿ "ನಾಳೆ ನೋಡುವ" ಅಂತಲೇ ದಿನ ದೂಡಿದ್ದನಂತೆ.

ಮುಟ್ಟಬಾರದ ಡಿಸ್ಕನ್ನು ಮೊದಲು ಬಿಚ್ಚಿ ಹೊರಗಿಡಬೇಕು. ಯಶವಂತ ನೂರು ಸಲ ಹಾಗೆ ಮಾಡಿದವನೇ. ಮಷೀನಿನ ಕವರಿಗೆ ನಾಲ್ಕು ಸ್ಕ್ರೂ. ಮೂರು ಬಂದವು. ನಾಲ್ಕನೆಯದರ ತಲೆ ಸವೆದು ತುಕ್ಕು ಹಿಡಿದಿತ್ತು. ಕರಕ್... ಕರಕ್... ಎಂದು ಸ್ಕ್ರೂಡ್ರೈವರ್ ಜಾರುತ್ತಿತ್ತೇ ಹೊರತು ಅದು ಅಲುಗಲಿಲ್ಲ. ಎಣ್ಣೆ ಬಿಟ್ಟ, ಇಕ್ಕಳ ಹಾಕಿದ. ಅರ್ಧ ಗಂಟೆ ಹೋಯಿತು. "ಸಾಯ್ಲಿ, ನೋಡ್ಕೊಂಡು ಹಾಕಿದ್ರಾಯ್ತು" ಅಂತ ಮೂರನ್ನೂ ವಾಪಸ್ ಬಿಗಿದ.

ಹಸಿವು ರುಚಿ ಅರಿಯದು, ನಿದ್ದೆ ಸುಖ ಅರಿಯದು ಅಂತಾರೆ. ನಿದ್ದೆ ಡಿಸ್ಕನ್ನೂ ಅರಿಯುವುದಿಲ್ಲ. ಲಿನಕ್ಸ್ ಇದ್ದ ಪೆನ್‌ಡ್ರೈವ್ ಸಿಕ್ಕಿಸಿದ. ಅದನ್ನು ಹಾಕಲು ಯಾವ ಡಿಸ್ಕ್ ಅಳಿಸಲಿ ಎಂದು ಮಷೀನು ಕೇಳಿತು. ಒತ್ತಿದ. ಖಂಡಿತವೇ ಎಂದು ಕೇಳಿತು. ತೂಕಡಿಸುತ್ತಾ ಅದಕ್ಕೂ ಒತ್ತಿದ. ಮುಗಿದಿದ್ದನ್ನು ಬೆಳಗ್ಗೆ ನೋಡಿದರಾಯಿತೆಂದು ಶಟರ್ ಎಳೆದು ಬೀಗ ಹಾಕಿ, ಕೀಲಿ ಜೇಬಿಗಿಟ್ಟು ಹೊರಟಿದ್ದ.

ಬಾವಿ ಹತ್ತಿರ ಬಂತು.

ಕಿರ್ರ್... ಕಿರ್ರ್... ಕಿರ್ರ್...

ರಾಟೆ ತಿರುಗುವ ಸದ್ದು. ರಾಟೆಯೇ ಇಲ್ಲದ ಬಾವಿಯಲ್ಲಿ.

ಕಟ್ಟೆಯ ಮೇಲೆ ಯಾರೋ ಕೂತಿದ್ದರು. ತೊಡೆಯ ಮೇಲೊಂದು ಚೀಲ. ಮಂಜಿನಲ್ಲಿ ಮುಖ ಕಾಣಲಿಲ್ಲ.

"ಸುಸ್ತಾ?" ಪಿಸುದನಿ.

"ಹೂಂ ಮಾರಾಯ್ರೆ."

"ನಂಗೂ ಹಂಗೇ ಆಗಿತ್ತು... ಕೂತೆ." ಆಮೇಲೆ, "ದೊಡ್ಡದು... ಹೊರಗೆ ತೆಗ್ದಿಟ್ರಾ?"

"ತೆಗ್ದಿಟ್ಟೆ" ಎಂದುಬಿಟ್ಟ ಯಶವಂತ. ಸುಳ್ಳು. ದಣಿದವನಿಗೆ ನಿಜ ಹೇಳುವುದೂ ಒಂದು ಕೆಲಸ.

"ಇಲ್ಲ..." ಎಂದಿತು ದನಿ. "ತೆಗ್ದಿಲ್ಲ."

ಹತ್ತು ಹೆಜ್ಜೆ ನಡೆದ ಮೇಲೆ ತಲೆಗೆ ಹತ್ತಿತು. ದೊಡ್ಡದು ಅಂದರೆ... ಎಂತ ದೊಡ್ಡದು? ಇವರಿಗೆ ಯಾರು ಹೇಳಿದರು? ಆಗಲೇ ಒತ್ತಿದ ಸಾಲು ಕಣ್ಣ ಮುಂದೆ ಬಂತು. ಸಣ್ಣದಲ್ಲ. ಎರಡು ಟಿಬಿ ಎಂದಿತ್ತು. ಖಂಡಿತವೇ ಎಂದು ಕೇಳಿದ್ದೂ ಅದನ್ನೇ. ಆ ಮಗುವಿಗೆ ಉಳಿದಿದ್ದ ಒಂದೇ ಒಂದನ್ನು ತನ್ನ ಕೈಯಾರೆ ಅಳಿಸಿಬಿಟ್ಟಿದ್ದ. ತಿರುಗಿ ನೋಡಿದ. ಕಟ್ಟೆಯ ಮೇಲೆ ಯಾರೂ ಇರಲಿಲ್ಲ.

ಓಡಿದ.

ಬೀಗ ಹಾಕಿದ್ದು ಹಾಕಿದ ಹಾಗೇ ಇತ್ತು. ತೆಗೆದ. ಘರ್ರ್... ಎಂದು ಶಟರ್ ಎದ್ದಿತು. ಒಳಗೆ ಮಷೀನಿನ ಫ್ಯಾನು ಗುಂಯ್ ಎನ್ನುತ್ತಿತ್ತು. ಲಿನಕ್ಸ್ ಹಾಕಿ ಮುಗಿದಿದೆ ಎಂದು ಪರದೆ ತೋರಿಸುತ್ತಿತ್ತು. ಹಾಕಿದ್ದು ಸಣ್ಣ ಡಿಸ್ಕಿಗೆ. ಡಿಸ್ಕುಗಳ ಪಟ್ಟಿಯಲ್ಲಿ ಎರಡನೆಯದು ಇರಲೇ ಇಲ್ಲ.

ಅದು ಮೇಜಿನ ಮೇಲಿತ್ತು. ಕೀಬೋರ್ಡಿನ ಪಕ್ಕದಲ್ಲಿ, ಜೋಪಾನವಾಗಿ ಇಟ್ಟ ಹಾಗೆ. ಮೇಲೆ ಅಂಟಿಸಿದ ಚೀಟಿಯಲ್ಲಿ ಬಾಲ್‌ಪೆನ್ನಿನ ಅಕ್ಷರ: ಕೂಸು. ಸಂಜೆಯಿಂದ ತಿರುಗಿದ ಡಿಸ್ಕ್, ಬಿಸಿ ಇರಬೇಕಿತ್ತು. ಮುಟ್ಟಿದ. ಬಾವಿ ನೀರಿನಷ್ಟು ತಣ್ಣಗಿತ್ತು. ಆ ರಾತ್ರಿ ಅವನು ಅಕ್ಕನ ಮನೆಗೆ ಹೋಗಲಿಲ್ಲ. ಲೈಟು ಹಾಕಿಕೊಂಡು ಬೆಳಗಿನವರೆಗೆ ಅಲ್ಲೇ ಕೂತಿದ್ದ.

ಬೆಳಗ್ಗೆ ವನಮಾಲಾ ಮಗಳ ಕೈ ಹಿಡಿದು ಬಂದಳು. ಯಶವಂತ ಹೊರಗಿನಿಂದಲೇ ಒಂದು ವೈರ್ ಹಾಕಿ ಡಿಸ್ಕ್ ಜೋಡಿಸಿದ. ಎಲ್ಲವೂ ಇತ್ತು. ಒಂದನ್ನು ತೆರೆದ. ಪುಟ್ಟ ಸಂಪದಾ ಕೋಳಿಯ ಹಿಂದೆ ಓಡಿ ಓಡಿ, ಏದುಸಿರು ಬಿಡುತ್ತಾ ನೆಲದ ಮೇಲೆ ಕೂತಳು. ಕ್ಯಾಮೆರಾ ಹಿಂದಿನಿಂದ ಮೆಲ್ಲನೆ ಒಂದು ದನಿ ಬಂತು.

"ಸುಸ್ತಾ?"

"ಅಮ್ಮಾ, ಮಾತಾಡಿದ್ದು ಯಾರು?" ಸಂಪದಾ ಕೇಳಿದಳು.

"ಅಪ್ಪ..." ಎಂದ ವನಮಾಲಾ ವೇಲ್ ಬಾಯಿಗೆ ಒತ್ತಿಕೊಂಡಳು.

ರಘುಪತಿಯನ್ನು ಯಶವಂತ ಜೀವಮಾನದಲ್ಲಿ ನೋಡಿರಲಿಲ್ಲ. ಆದರೂ ಆ ದನಿ ಅವನಿಗೆ ಹೊಸದಾಗಿರಲಿಲ್ಲ. ವಿಡಿಯೋ ನಿಲ್ಲಿಸಿ ಕೇಳಿದ. "ವನಮಾಲಕ್ಕ... ಅವರು ಅವತ್ತು ಕೂತಿದ್ದು ಎಲ್ಲಿ?"

"ಇಲ್ಲೇ, ಆ ಹಳೇ ಬಾವಿಕಟ್ಟೆ ಮೇಲೆ. ಕ್ಯಾಮೆರಾ ಚೀಲ ತೊಡೆ ಮೇಲೇ ಇತ್ತು."

ಯಶವಂತ ಹೊಟ್ಟೆಗೆ ತಿಂಡಿ ಬೀಳುವ ಮೊದಲೇ ಆ ವಿಡಿಯೋಗಳನ್ನೆಲ್ಲ ಎರಡು ಕಡೆ ಕಾಪಿ ಮಾಡಲು ಕೂತ. ನಾಳೆ ಅನ್ನಲಿಲ್ಲ.

ನಿದ್ದೆಗಣ್ಣಲ್ಲಿ ನೀನೇ ಬಿಚ್ಚಿಟ್ಟು ಮರೆತಿರಬೇಕು ಅಂತ ಅವನಿಗೆ ಎಲ್ಲರೂ ಹೇಳಿದ್ದಾಯಿತು. ನೀವೂ ಹೇಳಿ, ಬೇಡ ಅನ್ನುವುದಿಲ್ಲ. ಆದರೆ ಒಮ್ಮೆ ಜಯಪುರಕ್ಕೆ ಹೋಗಿ ಕಣ್ಣಾರೆ ನೋಡಿ. ಮಷೀನು ಅಲ್ಲೇ ಇದೆ. ವನಮಾಲಾ ಅದರಲ್ಲೇ ಪಾಸ್‌ಪೋರ್ಟ್ ಫೋಟೋ ಮಾಡಿಕೊಡುತ್ತಾಳೆ. ನಾಲ್ಕನೇ ಸ್ಕ್ರೂ ತುಕ್ಕು ಹಿಡಿದು ಇದ್ದಲ್ಲೇ ಇದೆ. ಆ ಕವರನ್ನು ಇವತ್ತಿನವರೆಗೂ ಯಾರಿಗೂ ಬಿಚ್ಚಲು ಆಗಿಲ್ಲ.